ಎರಡು ತಲೆಯ ವೈರು

ಕೋರಮಂಡಲ್ ಲೈನು, ಕೆಜಿಎಫ್
ಮಾರ್ಚ್ 11, 2024

ತಮ್ಮ ಕದಿರಪ್ಪನಿಗೆ,

ಮೊದಲು ಕ್ಷೇಮ ಅಂತ ಬರೆಯಬೇಕಂತೆ. ಇಲ್ಲಿ ಕ್ಷೇಮವಿದ್ದಿದ್ದರೆ ನಿನಗೆ ಯಾಕೆ ಬರೆಯುತ್ತಿದ್ದೆ.

ಅವ್ವನ ತಿಥಿಯ ದಿನ ಮುನೇಶ್ವರನ ಮುಂದೆ ಕರ್ಪೂರ ಆರಿಸಿ ಆಣೆ ಇಟ್ಟೆವಲ್ಲ, ಇನ್ನು ಅಕ್ಕ ತಮ್ಮ ಮಾತಾಡುವುದಿಲ್ಲ ಅಂತ. ಅದನ್ನು ನಾನು ಮುರಿಯುತ್ತಿಲ್ಲ. ಆಣೆ ಬಾಯಿಗೆ, ಕೈಗಲ್ಲ. ಫೋನು ಬಾಯಿಯ ಲೆಕ್ಕಕ್ಕೇ ಬರುತ್ತದೆ, ಅದಕ್ಕೇ ಈ ಕಾಗದವನ್ನು ಹಾಲಿನ ವ್ಯಾನಿನವನ ಕೈಲಿ ಕಳಿಸುತ್ತಿದ್ದೇನೆ. ಅವತ್ತು ಕಡಿದ ಆಡಿನ ತಲೆ ಮನೆ ಅಳಿಯನಿಗೆ, ಅಂದರೆ ನಿಮ್ಮ ಬಾವನಿಗೆ ಸಲ್ಲಬೇಕಿತ್ತು. ನೀನು ನಿನ್ನ ಹೆಂಡತಿಯ ಅಣ್ಣನಿಗೆ ಕೊಟ್ಟೆ. ಕೇಳಿದ್ದಕ್ಕೆ ಒಲೆಯ ಕೊಳ್ಳಿ ಎತ್ತಿದೆ. ನಾನು ರುಬ್ಬುಗುಂಡು ಎತ್ತಿದೆ. ನನ್ನ ಮೊಣಕೈ ಇನ್ನೂ ನೆಟ್ಟಗಾಗಿಲ್ಲ. ನಿನ್ನ ಹಣೆಯ ಹೊಲಿಗೆ ಎದ್ದು ಕಾಣುತ್ತದೆ ಅಂತ ಕೇಳಿದೆ, ಸಂತೋಷ.

ವಿಷಯ ಇದು. ನಿಮ್ಮ ಬಾವನ ಎದೆಯಲ್ಲಿ ಗಣಿಯ ಧೂಳು ಕಲ್ಲಾಗಿದೆ. ಈಗ ಮೂಗಿಗೆ ಪೈಪು, ಪೈಪಿಗೊಂದು ಮಿಷನ್ನು. ಕರೆಂಟು ಇದ್ದರೆ ಅದು ಗಾಳಿ ಸೋಸಿ ಕೊಡುತ್ತದೆ. ಹೋದರೆ ಒಂದು ಸಲ ಕೀ ಅಂದು ನಿಲ್ಲುತ್ತದೆ. ಆಮೇಲೆ ಆ ಸದ್ದನ್ನು ನಿಮ್ಮ ಬಾವ ಮಾಡುತ್ತಾರೆ. ಬ್ಯಾಟರಿ ಇಟ್ಟು ನೋಡಿದೆ, ಮುದ್ದೆ ತೊಳಸಿ ಮುಗಿಸುವುದರೊಳಗೆ ಸತ್ತಿತು.

ನಿನ್ನೆ ಮಧ್ಯಾಹ್ನ ಕರೆಂಟು ಹೋಗಿ ಬರಲೇ ಇಲ್ಲ. ತುಟಿ ನೇರಳೆ ಹಣ್ಣು ತಿಂದವರ ಹಾಗಾಯಿತು. ಮಚ್ಚು ಹಿಡಿದು ಕಂಬದ ಹತ್ತಿರ ಹೋದೆ. ಮೇಲೆ ಲೈನ್‌ಮನ್ ಮುನಿರಾಜ್ ಇದ್ದ. ಕ್ಯಾಸಂಬಳ್ಳಿಯವನು, ಕಂಟ್ರಾಕ್ಟಿನ ಮೇಲೆ ದುಡಿಯುತ್ತಾನೆ, ಹೋದ ವರ್ಷ ಮದುವೆಯಾದವನು. ಏಣಿ ಹಿಡಿದು ಅಲ್ಲಾಡಿಸಿದೆ. ಮೇಲಿಂದಲೇ ಹೇಳಿದ: “ಅಮ್ಮಾ, ಕಡಿಯೋದಾದ್ರೆ ಕೆಲ್ಸ ಮುಗುದ್‌ಮ್ಯಾಲೆ ಕಡಿ. ಈಗ್ಲೇ ಕಡುದ್ರೆ ನಿಂಗೂ ಕರೆಂಟಿಲ್ಲ, ನಮ್ಮವ್ವಂಗೂ ಅನ್ನ ಇಲ್ಲ.” ಕರೆಂಟು ಕೊಟ್ಟು ಇಳಿದು ಬಂದು ಕತ್ತು ಬಗ್ಗಿಸಿ ನಿಂತ, ಕಡಿ ಅಂತ. ಮಜ್ಜಿಗೆ ಕುಡಿಸಿ ಅಟ್ಟಿದೆ.

ಬಂಗಾರಪೇಟೆಯಲ್ಲಿ ಕಂಡವರ ಮದುವೆಗೆಲ್ಲ ಜನರೇಟರ್ ಬಾಡಿಗೆಗೆ ಬಿಡುತ್ತೀಯ. ಅದರಲ್ಲೊಂದು ಇಲ್ಲಿಗೆ ಬರಬೇಕು. ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ರುಬ್ಬುಗುಂಡು ಇನ್ನೂ ಮನೆಯಲ್ಲೇ ಇದೆ.

ನಿನ್ನ ಅಕ್ಕ,
ಮುನಿಗಂಗಮ್ಮ


ಬಂಗಾರಪೇಟೆ
ಮಾರ್ಚ್ 15, 2024

ಅಕ್ಕಯ್ಯ,

ನಿನ್ನ ಅಕ್ಷರ ನೋಡಿದ ಕೂಡಲೇ ಹಣೆ ನೋಯಿತು.

ಬಾವನಿಗೋಸ್ಕರ ಬರುತ್ತೇನೆ. ನಿನ್ನ ಮನೆಗೆ ಬೆಂಕಿ ಬಿದ್ದರೂ ನಿನಗೋಸ್ಕರ ಒಂದು ಚೊಂಬು ನೀರು ತರುವವನಲ್ಲ. ಈ ವಾರವೆಲ್ಲ ಲಗ್ನಗಳಿವೆ, ಅವು ಮುಗಿಯಲಿ. ಡೀಸೆಲ್ಲಿನದು ಒಂದಿದೆ. ಹಳೆಯದು, ಆದರೆ ನಿನ್ನ ಹಾಗೆ, ಒದ್ದರೂ ನಿಲ್ಲುವುದಿಲ್ಲ.

ಹಿತ್ತಲಲ್ಲಿ ತಗಡು ಹೊದಿಸಿ ಜಾಗ ಮಾಡಿಡು. ಒಳಗೆ ಇಡುವ ಮಾತೇ ಬೇಡ. ಮಳೆ ಬಂತೆಂದು ಒಬ್ಬ ಅಡುಗೆಯವನು ಉಗ್ರಾಣದೊಳಗೆ ಜನರೇಟರ್ ಎಳೆದುಕೊಂಡು ಬಾಗಿಲು ಹಾಕಿ ಮಲಗಿದ. ಬೆಳಿಗ್ಗೆ ನಾನೇ ಕಾಲು ಹಿಡಿದು ಹೊರಗೆ ಎಳೆದೆ. ಮುಖದಲ್ಲಿ ಬಣ್ಣ ಹಾಗೇ ಇತ್ತು, ಜೀವ ಇರಲಿಲ್ಲ. ಆ ಹೊಗೆ ಎಬ್ಬಿಸಿ ಕೊಲ್ಲುವುದಿಲ್ಲ.

ಬಂದಾಗ ನನ್ನನ್ನು ಮಾತಾಡಿಸಬೇಡ. ಆಣೆ ಆಣೆಯೇ.

ಕದಿರಪ್ಪ


ಕೋರಮಂಡಲ್ ಲೈನು
ಏಪ್ರಿಲ್ 22, 2024

ತಮ್ಮನಿಗೆ,

ನೀನು ಬಂದು ಮಿಷನ್ನು ಕೂರಿಸಿದ್ದನ್ನು ಲೈನಿನವರು ಇನ್ನೂ ಆಡಿಕೊಂಡು ನಗುತ್ತಾರೆ. ನಾನು ಪಕ್ಕದಲ್ಲೇ ನಿಂತಿದ್ದರೂ ನೀನು ಪ್ರತಿಯೊಂದನ್ನೂ ನಿಮ್ಮ ಬಾವನಿಗೆ ಹೇಳುವುದು, ಅವರು ಮೂಗಿನ ಪೈಪು ಸರಿಸಿ ಅದನ್ನೇ ನನಗೆ ಹೇಳುವುದು. ಎರಡು ತುದಿಗೂ ಪಿನ್ನಿರುವ ಆ ವೈರಿನ ಒಂದು ತಲೆ ಜನರೇಟರಿಗೆ, ಇನ್ನೊಂದು ತಲೆ ಅಡುಗೆಮನೆಯ ಪ್ಲಗ್ಗಿಗೆ, ಮನೆಯೆಲ್ಲ ಬೆಳಕು. ಮೇನ್ ಸ್ವಿಚ್ಚು ಇಳಿಸುವ ಮೊದಲೇ ನಾನು ಪ್ಲಗ್ಗಿನ ಕಡೆ ಕೈ ಚಾಚಿದಾಗ ನೀನು ಸ್ಪ್ಯಾನರಿನಿಂದ ಬೆರಳಗಂಟಿಗೆ ಬಿಟ್ಟೆ. ಬಿಟ್ಟು ಬಾವನ ಕಡೆ ತಿರುಗಿ, “ಮೇನ್ ಇಳಿಸ್ದೆ ಚುಚ್ಚಿದ್ರೆ ಈ ಕರೆಂಟು ಇಂದಕ್ಕೆ ಕಂಬಕ್ಕೆ ಓಡ್ತದೆ ಬಾವ. ಕಂಬದ ಮ್ಯಾಲೆ ಯಾವನಾನ ಇದ್ರೆ ಅಲ್ಲೇ ಸತ್ತ. ಆಯಮ್ಮಂಗೆ ಏಳು” ಅಂದೆ. ಬೆರಳು ಊದಿತು, ಮಾತು ಒಳಗೆ ಇಳಿಯಿತು. ಈಗ ಕಣ್ಣು ಮುಚ್ಚಿಯೂ ಮೇನ್ ಇಳಿಸುತ್ತೇನೆ.

ಮಿಷನ್ನು ಚೆನ್ನಾಗಿ ಓಡುತ್ತದೆ. ಬರೆದದ್ದು ಅದಕ್ಕಲ್ಲ. ನಿನಗೆ ಗೊತ್ತಲ್ಲ, ಲೈನಿನಲ್ಲಿ ಒಂದೇ ಗೋಡೆಗೆ ಎರಡು ಸಂಸಾರ. ಆ ಕಡೆ ಕುಪ್ಪುಸ್ವಾಮಿ, ನಿಮ್ಮ ಬಾವನ ಜೊತೆ ಗಣಿಗೆ ಇಳಿದವನು. ಅವನ ಎದೆಯಲ್ಲೂ ಅದೇ ಧೂಳು, ಸ್ವಲ್ಪ ಕಮ್ಮಿ. ನಮ್ಮ ಹೊಗೆ ಅವರ ಅಡುಗೆಮನೆಗೆ ನುಗ್ಗುತ್ತದಂತೆ. ಮೊನ್ನೆ ಕರೆಂಟು ಹೋದಾಗ ಅವನ ಹೆಂಡತಿ ಇಂದ್ರಾಣಿ ಬಿಂದಿಗೆ ಎತ್ತಿಕೊಂಡು ಬಂದಳು. “ನಿನ್ ಗಂಡ ಉಸುರಾಡೋಕೆ ನನ್ ಗಂಡ ಕೆಮ್ಮಿ ಸಾಯ್ಬೇಕಾ? ಎನ್ನ ನ್ಯಾಯಂ ಇದು?” ಅಂದವಳೇ ಓಡುತ್ತಿದ್ದ ಮಿಷನ್ನಿನ ಮೇಲೆ ನೀರು ಸುರಿದಳು. ನಾನು ಅವಳ ಜುಟ್ಟು ಹಿಡಿದು ಗೋಡೆಗೆ ಚಚ್ಚಿದೆ. ಒಂದು ಹಿಡಿ ಕೂದಲು ಕೈಗೆ ಬಂತು. ಬಿಡಿಸಲು ಬಂದ ಕುಪ್ಪುಸ್ವಾಮಿಗೆ ಒನಕೆ ಬೀಸಿದೆ, ಕಿವಿ ಹರಿಯಿತು. ಅವನು ರಕ್ತ ಒರೆಸಿಕೊಂಡು ಡೀಸೆಲ್ಲಿನ ಪೈಪು ಕಿತ್ತು ಬೆಂಕಿಪೊಟ್ಟಣ ತೆಗೆದ. ಹಚ್ಚುತ್ತಿದ್ದ ಕದಿರ. ಅವನ ಕಣ್ಣು ನೋಡಿದೆ, ಹಚ್ಚುತ್ತಿದ್ದ. ಆಗ ನಿಮ್ಮ ಬಾವ ಮೂಗಿನ ಪೈಪು ಕಿತ್ತುಕೊಂಡು ಬಾಗಿಲಿಗೆ ಬಂದರು. ಕೂಗಲು ಉಸಿರಿಲ್ಲ. ಚಪ್ಪಾಳೆ ತಟ್ಟಿದರು, ತಟ್ಟುತ್ತಲೇ ಕುಸಿದರು. ಅವನು ಬೆಂಕಿಪೊಟ್ಟಣ ಎಸೆದು ಓಡಿ ಬಂದು ಒಳಗೆ ಎತ್ತಿಕೊಂಡು ಹೋದ.

ಎತ್ತಿದ ಅಂತ ನಾನು ಬಿಡುವವಳಲ್ಲ. ನಿನ್ನ ಪೆಂಡಾಲಿನ ಆಳುಗಳಲ್ಲಿ ಗಟ್ಟಿಯಾದವರನ್ನು ಕಳಿಸು, ಬೊಂಬುಗಳ ಸಮೇತ. ಇನ್ನೊಂದು ಸಲ ಆ ಗೋಡೆ ದಾಟಿದರೆ ಕಾಲಿರಬಾರದು.

ಮುನಿಗಂಗಮ್ಮ


ಬಂಗಾರಪೇಟೆ
ಏಪ್ರಿಲ್ 26, 2024

ಅಕ್ಕಯ್ಯ,

ಆಳು ಕಳಿಸಲು ನನಗೇನು ಕಷ್ಟ. ಕಾಲು ಮುರಿಯುವುದು ಪೆಂಡಾಲು ಬಿಚ್ಚುವುದಕ್ಕಿಂತ ಸಲೀಸು. ಆದರೆ ನೀನು ಪೆದ್ದಿ. ಮುರಿದ ಕಾಲು ಕೂಡಿದ ಮೇಲೆ ಮತ್ತೆ ಬರುತ್ತಾರೆ. ಆಗ ನೀನು ಅಂಗಡಿಗೆ ಹೋಗಿರುತ್ತೀಯ, ಬಾವ ಒಬ್ಬನೇ ಇರುತ್ತಾನೆ.

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಮದುವೆ ಮನೆಯ ಪಕ್ಕದವರು ಸದ್ದು, ಹೊಗೆ ಅಂತ ದೊಣ್ಣೆ ಹಿಡಿದು ಬಂದರೆ ನಾವು ಜಗಳವಾಡುವುದಿಲ್ಲ. ಅವರ ಮನೆಗೂ ಒಂದು ವೈರು ಎಳೆದು ಕೊಡುತ್ತೇವೆ. ಯಾರ ಮನೆಯ ಫ್ಯಾನು ತಿರುಗುತ್ತದೋ ಅವರಿಗೆ ಸದ್ದು ಕೇಳಿಸುವುದಿಲ್ಲ. ಈ ಉಪಾಯ ಇದುವರೆಗೂ ಸೋತಿಲ್ಲ.

ಹೊಗೆಗೆ ಉದ್ದದ ಕೊಳವೆ ಕಳಿಸಿದ್ದೇನೆ, ಸೂರಿನ ಮೇಲಕ್ಕೆ ಎತ್ತಿ ಕಟ್ಟಿಸು. ಜೊತೆಗೆ ಒಂದು ಬೋರ್ಡಿದೆ, ಒಂದು ಫ್ಯಾನು ಒಂದು ಬಲ್ಬಿಗೆ ಸಾಕು. ಗೋಡೆಯ ಆ ಕಡೆ ಇಳಿಬಿಡು. ಒನಕೆ ಒಳಗಿಡು.

ಕದಿರಪ್ಪ


ಕೋರಮಂಡಲ್ ಲೈನು
ಜೂನ್ 19, 2024

ತಮ್ಮನಿಗೆ,

ನಿನ್ನ ಉಪಾಯ ಫಲಿಸಿತು. ಹೇಳಲು ಹೊಟ್ಟೆ ಉರಿಯುತ್ತದೆ, ಆದರೂ ಬರೆದಿದ್ದೇನೆ.

ಬೋರ್ಡನ್ನು ಗೋಡೆ ಮೇಲಿಂದ ಎಸೆದೆ. ಒಂದು ಮಾತೂ ಆಡಲಿಲ್ಲ. ಕರೆಂಟು ಹೋದಾಗ ಆ ಕಡೆ ಫ್ಯಾನು ತಿರುಗಿತು. ಮಾರನೆಯ ದಿನ ಗೋಡೆಯ ಮೇಲೆ ಒಂದು ಡಬ್ಬಿ ಮೀನು ಕೊಳಂಬು ಕೂತಿತ್ತು. ಉಪ್ಪು ಜಾಸ್ತಿ. ವಿಷ ಹಾಕಿರಬಹುದು ಅಂತ ಮೊದಲು ನಾನೇ ತಿಂದು, ಸಾಯದೇ ಇದ್ದದ್ದಕ್ಕೆ ನಿಮ್ಮ ಬಾವನಿಗೆ ಕೊಟ್ಟೆ. ಈಗ ಕುಪ್ಪುಸ್ವಾಮಿ ಸಂಜೆ ಬಂದು ಇವರ ಮಂಚದ ಪಕ್ಕ ಕೂರುತ್ತಾನೆ. ಕಿವಿಗೆ ಹೊಲಿಗೆ ಹಾಕಿಸಿಕೊಂಡು, ಹಣೆಗೆ ಹೊಲಿಗೆ ಬಿದ್ದ ನಿನಗೆ ಅಣ್ಣನ ಹಾಗೆ ಕಾಣುತ್ತಾನೆ.

ಮುನಿರಾಜ್ ಕಂಬ ಹತ್ತಲು ಬಂದಾಗಲೆಲ್ಲ ಜನರೇಟರ್ ನೋಡಿ, “ಇನ್ನು ನನ್ ಕಡಿಯೋಕೆ ಯಾರೂ ಇಲ್ಲ ಬುಡಮ್ಮ” ಅನ್ನುತ್ತಾನೆ. ಹೆಂಡತಿ ಬಸುರಿಯಂತೆ. ಹುಣಸೆಹಣ್ಣು ಕಟ್ಟಿಕೊಟ್ಟೆ.

ಇಂದ್ರಾಣಿಗೆ ಬೋರ್ಡು ಸಾಲದಂತೆ. ಒಳಮನೆಯಲ್ಲಿ ಮಿಕ್ಸಿ ತಿರುಗಬೇಕಂತೆ. ಗಂಡನ ಬಾಯಲ್ಲಿ ಹೇಳಿಸಿದಳು. ನನ್ನಲ್ಲಿರುವಂಥದ್ದೇ ಎರಡು ತಲೆಯ ವೈರು ಇನ್ನೊಂದು ಕಳಿಸು, ಅವರ ಪ್ಲಗ್ಗಿಗೂ ಚುಚ್ಚಿಕೊಳ್ಳಲಿ, ಮನೆಯೆಲ್ಲ ಉರಿಯಲಿ. ಕೇಳಿದ್ದು ಕೊಟ್ಟು ಬಾಯಿ ಮುಚ್ಚಿಸುವುದು ವಾಸಿ. ಅವಳ ಜೊತೆ ನಾನಿನ್ನೂ ಮಾತಾಡಿಲ್ಲ. ನನ್ನ ಕೈಲಿ ಜುಟ್ಟು ಕೀಳಿಸಿಕೊಂಡವಳ ಜೊತೆ ಎಂಥ ಮಾತು.

ಮುನಿಗಂಗಮ್ಮ


ಬಂಗಾರಪೇಟೆ
ಆಗಸ್ಟ್ 7, 2024

ಅಕ್ಕಯ್ಯ,

ಕೋರಮಂಡಲಿನಲ್ಲಿ ಒಬ್ಬ ಕಂಬದ ಮೇಲೆ ಸುಟ್ಟುಹೋದ ಅಂತ ವ್ಯಾನಿನವನು ಹೇಳಿದ. ವೈರನ್ನು ಹೋದ ತಿಂಗಳೇ ಅವನ ಕೈಲಿ ಕಳಿಸಿದ್ದೆನಲ್ಲ. ಯಾವ ಲೈನು? ನಿನ್ನ ಮೇನ್ ಇಳಿದಿತ್ತಾ? ಅಷ್ಟು ಬರೆ, ಸಾಕು.

ಕದಿರಪ್ಪ


ಕೋರಮಂಡಲ್ ಲೈನು
ಆಗಸ್ಟ್ 8, 2024

ಕದಿರ,

ನಮ್ಮ ಲೈನು. ನನ್ನ ಮೇನ್ ಇಳಿದಿತ್ತು. ಕುಪ್ಪುಸ್ವಾಮಿಯದು ಇಳಿದಿರಲಿಲ್ಲ. ಸತ್ತವನು ಮುನಿರಾಜ್.

ಸೋಮವಾರದ ಗಾಳಿಗೆ ಕೊಂಬೆ ಬಿದ್ದು ನಮ್ಮ ಸಾಲಿನ ತಂತಿ ಮಾತ್ರ ಕಿತ್ತುಹೋಯಿತು. ವೈರು ಬಂದ ಮೇಲೆ ಕರೆಂಟು ಹೋದದ್ದು ಅದೇ ಮೊದಲು. ಮುನಿರಾಜ್ ಬಂದ, ಏಣಿ ಇಟ್ಟ. ನಾನು ಹಿತ್ತಲಿಂದಲೇ ನೋಡಿದೆ. ಬೇಗ ಮುಗಿಸಪ್ಪ ಅಂತ ಕೂಗಿದೆ, ಅವನು ಕೈ ಎತ್ತಿದ. ನಾನು ಮೇನ್ ಇಳಿಸಿದೆ, ನನ್ನ ವೈರು ಚುಚ್ಚಿದೆ, ಅವರ ವೈರಿನ ಒಂದು ತಲೆ ಮಿಷನ್ನಿಗೆ ಸಿಕ್ಕಿಸಿ ಇನ್ನೊಂದನ್ನು ಗೋಡೆಯ ಆಚೆ ಎಸೆದೆ. ಇಂದ್ರಾಣಿ ತೆಗೆದುಕೊಂಡು ಒಳಗೆ ಹೋದಳು. ಜನರೇಟರಿನ ಹಗ್ಗ ಎಳೆದು ಚಾಲೂ ಮಾಡಿದೆ. ಅವತ್ತು ಅದು ಈಯುವ ಎಮ್ಮೆಯ ಹಾಗೆ ನರಳಿತು. ಡೀಸೆಲ್ಲಿನಲ್ಲಿ ಕಸ ಅಂದುಕೊಂಡೆ.

ಅವನು ಕೂಗಲಿಲ್ಲ. ಬೀದಿಯವರು ಕೂಗಿದ ಮೇಲೆ ನೋಡಿದೆ. ತಂತಿಗೆ ಅಂಟಿಕೊಂಡು ನಡುಗುತ್ತಿದ್ದ, ಕಂಕುಳಿಂದ ಹೊಗೆ ಬರುತ್ತಿತ್ತು. ನಾನು ಮಿಷನ್ನು ಆರಿಸಿದೆ. ಆರಿಸಿದ ಕ್ಷಣ ಅವನು ಬಿದ್ದ. ಎಲ್ಲರೂ ಕಂಬದ ಕಡೆ ಓಡಿದರು. ನಾನು ಗೋಡೆಯ ಕಡೆ ಓಡಿದೆ. ವೈರನ್ನು ಆಚೆಯಿಂದ ಜಗ್ಗಿ ಎಳೆದು ರಾಗಿ ಗುಡಾಣದೊಳಗೆ ಹೂತೆ. ಯೋಚಿಸಿ ಮಾಡಿದ್ದಲ್ಲ. ಕೈ ಮಾಡಿತು.

ಕರೆಂಟು ಕುಪ್ಪುಸ್ವಾಮಿಯ ಮನೆಯಿಂದ ಹತ್ತಿದೆ ಅಂತ ಕರೆಂಟ್ ಆಫೀಸಿನವರು ಕಂಡುಹಿಡಿದರು. ಮುನಿರಾಜನ ಕಡೆಯವರು ಟೆಂಪೋದಲ್ಲಿ ಬಂದಿಳಿದರು. ಕುಪ್ಪುಸ್ವಾಮಿಯನ್ನು ಬೀದಿಗೆ ಎಳೆದು ಗುದ್ದಲಿಯ ಕಾವಿನಲ್ಲಿ ಬಡಿದರು. ಬಲಗೈಯನ್ನು ಹೊಸಿಲ ಮೇಲಿಟ್ಟು ಕಲ್ಲು ಹಾಕಿದರು. ಮೂಳೆ ಮುರಿದ ಸದ್ದು ಗೋಡೆಯ ಈ ಕಡೆಗೆ ಕೇಳಿಸಿತು. ಅವನು ನಿಮ್ಮ ಬಾವನ ಹೆಸರು ಹಿಡಿದು ಕೂಗಿದ. ಪೊಲೀಸರು ಬಂದು ಅವನನ್ನೇ ಹೊತ್ತುಕೊಂಡು ಹೋದರು. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕಾವಲಿದೆಯಂತೆ.

ವೈರು ಗೋಡೆ ಮೇಲಿಂದ ಬಂತು ಅಂತ ಇಂದ್ರಾಣಿ ಹೇಳಿದಳು. ಬಂದು ನೋಡಿದರು. ವೈರಿಲ್ಲ. ನನ್ನ ಮೇನ್ ಇಳಿದಿದೆ. ಫ್ಯಾನಿಗೆ ಕೊಟ್ಟ ಬೋರ್ಡಿನಿಂದ ಅವನೇ ಮನೆಗೆ ಎಳೆದುಕೊಂಡಿದ್ದಾನೆ, ಈ ಮುದುಕಿ ಸರಿಯಾಗಿಟ್ಟಿದ್ದಾಳೆ ಅಂದರು. ನಾನು ಹೂಂ ಅಂದೆ. ಇಂದ್ರಾಣಿ ನನ್ನ ಮುಖಕ್ಕೆ ಉಗಿದಳು. ಒರೆಸಿಕೊಂಡೆ.

ಮೇನ್ ಇಳಿಸು ಅಂತ ಅವಳಿಗೆ ನಾನು ಹೇಳಿರಲಿಲ್ಲ. ವೈರು ಕೊಟ್ಟೆ, ಮಾತು ಕೊಡಲಿಲ್ಲ. ನಿಜ ಹೇಳಿದರೆ ಮಿಷನ್ನು ಒಯ್ಯುತ್ತಾರೆ, ನನ್ನನ್ನೂ ಒಯ್ಯುತ್ತಾರೆ. ಮುಂದಿನ ಸಲ ಕರೆಂಟು ಹೋದಾಗ ನಿಮ್ಮ ಬಾವ ಒಬ್ಬರೇ ಇರುತ್ತಾರೆ. ಏನು ಮಾಡಲಿ ಅಂತ ನಿನ್ನನ್ನು ಕೇಳುತ್ತಿಲ್ಲ. ಇದ್ದದ್ದನ್ನು ಬರೆದಿದ್ದೇನೆ.

ಮುನಿಗಂಗಮ್ಮ


ಬಂಗಾರಪೇಟೆ
ಆಗಸ್ಟ್ 9, 2024

ಅಕ್ಕಯ್ಯ,

ಇಂಥದ್ದನ್ನು ಕಾಗದದ ಮೇಲೆ ಬರೆಯುವ ಹುಚ್ಚಿ ಲೋಕದಲ್ಲಿ ನೀನೊಬ್ಬಳೇ. ಓದಿ ಒಲೆಗೆ ಹಾಕಿದೆ. ಇದನ್ನೂ ಹಾಕು.

ಮದುವೆಗಳಲ್ಲಿ ಪಕ್ಕದ ಮನೆಗೆ ವೈರು ಕೊಟ್ಟಾಗ ನಮ್ಮ ಆಳೇ ಒಳಗೆ ಹೋಗಿ ಮೇನ್ ಇಳಿಸಿ ಬರುತ್ತಾನೆ. ಅದು ಆಳುಗಳ ಕೈಗೆ ರೂಢಿ, ನನ್ನ ಬಾಯಿಗಲ್ಲ. ವ್ಯಾನಿನವನ ಕೈಲಿ ವೈರು ಕೊಟ್ಟಾಗ ಒಂದು ಸಾಲು ಬರೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಆ ವೈರಿನ ಪಿನ್ನು ನನ್ನ ಶೆಡ್ಡಿನದು, ನನ್ನ ಗುರುತು ಕೊರೆದಿದೆ. ಶಶಿರೇಖಳ ಮದುವೆ ಕಾರ್ತಿಕದಲ್ಲಿ. ನೀನು ಬಾಯಿ ಬಿಟ್ಟರೆ ನನ್ನ ಮಗಳ ತಾಳಿಗೆ ಕೈ ಹಾಕಿದ ಹಾಗೆ. ಕುಪ್ಪುಸ್ವಾಮಿ ಗಟ್ಟಿ ಮನುಷ್ಯ, ಸಹಿಸುತ್ತಾನೆ. ವೈರು ಸುಡು. ಬಾವನ ಉಸಿರು ನೋಡಿಕೋ. ಅದಕ್ಕಿಂತ ದೊಡ್ಡ ನ್ಯಾಯ ನಿನಗೆ ಬೇಡ.

ಬಾಯಿ ಬಿಟ್ಟರೆ ನಾನೇ ಬಂದು ನಿನ್ನ ಕಥೆ ಮುಗಿಸುತ್ತೇನೆ. ಈ ಸಲ ಕೊಳ್ಳಿಯಲ್ಲಲ್ಲ.

ಕದಿರಪ್ಪ


ಕೋರಮಂಡಲ್ ಲೈನು
ಆಗಸ್ಟ್ 13, 2024

ಕದಿರ,

ವೈರು ಸುಡಲು ಗುಡಾಣಕ್ಕೆ ಕೈ ಹಾಕಿದೆ. ನಿಮ್ಮ ಬಾವ ಮಂಚದಿಂದ ನೋಡುತ್ತಿದ್ದರು. “ಅದೇ ಅಲ್ವಾ?” ಅಂದರು. ವೈರು ಹೊರಗೆ ಎಳೆದೆ. “ಮೇನ್ ಇಳಿಸೋ ಮಾತು ನನ್ ಕಿವಿಗೂ ಬಿದ್ದಿತ್ತು. ದಿನಾ ಸಂಜೆ ಕುಪ್ಪುಸ್ವಾಮಿ ಪಕ್ಕದಾಗೇ ಕುಂತಿದ್ದೆ. ನಾನೂ ಆಯಪ್ಪಂಗೆ ಏಳ್ಲಿಲ್ಲ” ಅಂದರು. ಆಮೇಲೆ ಮೂಗಿನ ಪೈಪು ತೆಗೆದು ಸೊಂಟದ ಕೆಳಗೆ ಹಾಕಿಕೊಂಡು ಗೋಡೆಗೆ ತಿರುಗಿ ಮಲಗಿದರು. ಬೈದೆ. ಕೆನ್ನೆಗೆ ಹೊಡೆದೆ. ಎದೆಯ ಮೇಲೆ ಕೂತು ಪೈಪು ತುರುಕಿದೆ, ಮತ್ತೆ ಕಿತ್ತರು. ಉಗುರು ನೀಲಿಯಾಗುವವರೆಗೂ ಜಗ್ಗಾಡಿದೆವು. ಹೋಗಿ ಹೇಳುತ್ತೇನೆ ಅಂದ ಮೇಲೆ ತಾವೇ ಹಾಕಿಕೊಂಡರು.

ಸ್ಟೇಷನ್ನಿಗೆ ಮೊದಲು ಕ್ಯಾಸಂಬಳ್ಳಿಗೆ ಹೋದೆ, ಮುನಿರಾಜನ ತಾಯಿ ಅಮ್ಮಾಜಮ್ಮನ ಮನೆಗೆ. ಸೊಸೆ ಮೂಲೆಯಲ್ಲಿ ಹೊಟ್ಟೆ ಹಿಡಿದು ಕೂತಿದ್ದಳು. ವೈರನ್ನು ತಾಯಿಯ ಮುಂದೆ ಹಾಕಿ ಎಲ್ಲ ಹೇಳಿದೆ. ಲೈನಿನ ಫ್ಯೂಸು ಕೀಳದೆ ಕಂಬ ಹತ್ತಿದ, ಅವನದೇ ತಪ್ಪು ಅಂತ ಯಾರೋ ಅವಳ ತಲೆಗೆ ತುಂಬಿದ್ದಾರೆ. ಅವಳು ಕೇಳಿದ್ದು ಒಂದೇ: “ನನ್ ಮಗ ಫ್ಯೂಸ್ ಕಿತ್ತಿದ್ನಾ?” ಕಿತ್ತಿದ್ದ. ಬಿದ್ದಾಗ ಅಂಗಿಯ ಜೇಬಿನಿಂದ ಉರುಳಿದ್ದನ್ನು ನಾನೇ ನೋಡಿದ್ದೆ, ಹೇಳಿದೆ. “ಅಂಗಾದ್ರೆ ನನ್ ಮಗ ತಪ್ಪು ಮಾಡ್ಲಿಲ್ಲ” ಅಂದಳು. ಎದ್ದು ಅದೇ ವೈರು ಮಡಿಸಿ ಹಿಡಿದು ಹೊಡೆದಳು. ಪಿನ್ನು ಮುಖಕ್ಕೆ ಬಿತ್ತು. ಎರಡು ಹಲ್ಲು ಹೋದವು, ಎಡಗಣ್ಣು ಮುಚ್ಚಿದೆ. ಕೈ ಅಡ್ಡ ಇಡಲಿಲ್ಲ. ಅವಳಿಗೆ ಸುಸ್ತಾಗಿ ಕೂತ ಮೇಲೆ ವೈರು ಎತ್ತಿಕೊಂಡು ಬಂದೆ.

ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಒಯ್ಯುತ್ತೇನೆ. ನಿನ್ನ ಗುರುತನ್ನು ಕಲ್ಲಿಗೆ ಉಜ್ಜಿ ಅಳಿಸಿದ್ದೇನೆ. ಶಶಿರೇಖಳ ತಾಳಿ ನನ್ನ ಕೈಲಿ ಹೋಗುವುದಿಲ್ಲ.

ನೀನು ಕೊಲ್ಲಲು ಬರುತ್ತೀಯ. ಬಾ. ಆದರೆ ಈ ಮಿಷನ್ನನ್ನು ಪೊಲೀಸರು ಒಯ್ಯುತ್ತಾರೆ. ಬರುವಾಗ ಇನ್ನೊಂದನ್ನು ಗಾಡಿಗೆ ಹೇರಿಕೊಂಡು ಬಾ. ಮೊದಲು ಅದನ್ನು ಇಳಿಸಿ ಕೂರಿಸು. ಆಮೇಲೆ ನಾನು ಎಲ್ಲಿದ್ದೇನೋ ಅಲ್ಲಿಗೆ ಬಂದು ಹೊಡಿ.

ಮುನಿಗಂಗಮ್ಮ


ಕೋರಮಂಡಲ್ ಲೈನು
ಅಕ್ಟೋಬರ್ 2, 2024

ಅಕ್ಕಯ್ಯ,

ಜೈಲಿನಲ್ಲಿ ಕಾಗದ ಒಡೆದು ಓದಿ ಕೊಡುತ್ತಾರಂತೆ. ಓದಿಕೊಳ್ಳಲಿ.

ಅವತ್ತು ಕಬ್ಬಿಣದ ಸಲಾಕೆ ಸೀಟಿನ ಕೆಳಗಿಟ್ಟುಕೊಂಡೇ ಹೊರಟೆ. ಮಿಷನ್ನನ್ನೂ ಹೇರಿದೆ, ಯಾಕೆ ಅಂತ ನನಗೇ ಗೊತ್ತಿಲ್ಲ. ನಾನು ಬರುವ ಹೊತ್ತಿಗೆ ನಿನ್ನನ್ನೂ ಹಳೆಯ ಮಿಷನ್ನನ್ನೂ ಒಯ್ದಾಗಿತ್ತು. ಬಾವ ನನ್ನ ಕೈಲಿದ್ದ ಸಲಾಕೆ ನೋಡಿ ಮುಖ ತಿರುಗಿಸಿದ. ಈ ಸಲ ಗೋಡೆಗೆ ಬೇರೆ ಸ್ವಿಚ್ಚು ಹಾಕಿದ್ದೇನೆ. ಮೇಲೆ ಒತ್ತಿದರೆ ಕಂಬದ ಕರೆಂಟು, ಕೆಳಗೆ ಒತ್ತಿದರೆ ಮಿಷನ್ನಿನದು. ಎರಡೂ ಕೂಡಲು ದಾರಿಯೇ ಇಲ್ಲ. ಮೊದಲ ದಿನವೇ ಹಾಕಬೇಕಿತ್ತು. ಮುಹೂರ್ತಕ್ಕೆ ಓಡುವವನ ಬುದ್ಧಿ, ಆ ದಿನದ್ದು ಆದರೆ ಸಾಕು.

ಆಮೇಲೆ ಸ್ಟೇಷನ್ನಿಗೆ ಹೋಗಿ ವೈರು ನನ್ನದು ಅಂದೆ. ಗುರುತು ಯಾಕೆ ಉಜ್ಜಿದೆ ಅಂತ ನಿನ್ನನ್ನು ಕೇಳಿದರಂತೆ, ತುಕ್ಕು ಅಂದೆಯಂತೆ. ನನ್ನನ್ನು ಜಾಮೀನಿನ ಮೇಲೆ ಬಿಟ್ಟರು. ಬಾಗಿಲಲ್ಲೇ ಮುನಿರಾಜನ ಭಾವಮೈದುನರು ಕಾಯುತ್ತಿದ್ದರು. ಪಕ್ಕೆಲುಬು ಮುರಿದಿದೆ, ಉಸಿರೆಳೆದರೆ ಚುಚ್ಚುತ್ತದೆ. ಬಾವನ ಕಷ್ಟ ಈಗ ಅರ್ಥವಾಯಿತು. ಶಶಿರೇಖಳ ಗಂಡಿನ ಕಡೆಯವರು ಬೇಡ ಅಂದರು. ಅವಳು ಅಳಲಿಲ್ಲ. ಬಾವನಿಗೆ ಗಂಜಿ ಮಾಡಲು ಇಲ್ಲಿಗೆ ಬಂದಿದ್ದಾಳೆ.

ನೀನು ಜಾಮೀನು ಬೇಡ ಅಂದೆಯಂತೆ. ನೀನು ಬಂದರೆ ಲೈನಿಗೆ ಬೆಂಕಿ ಇಡುತ್ತೇವೆ ಅಂತ ಮುನಿರಾಜನ ಕಡೆಯವರು ಹೇಳಿ ಕಳಿಸಿದ್ದು ನಿಜ. ಸದ್ಯಕ್ಕೆ ಅಲ್ಲೇ ಇರು.

ಕುಪ್ಪುಸ್ವಾಮಿಯನ್ನು ಬಿಟ್ಟಿದ್ದಾರೆ. ಬಲಗೈ ಇನ್ನು ಬರುವುದಿಲ್ಲ. ಮಗುವಿನ ಹಾಗೆ ಎಡಗೈಯಲ್ಲಿ ಕಲಸಿ ತಿನ್ನುತ್ತಾನೆ.

ನಾನು ಬಂಗಾರಪೇಟೆಯ ಶೆಡ್ಡಿಗೆ ಹೋದರೆ ಮಿಷನ್ನು ನೋಡುವವರು ಯಾರು ಅಂತ ಚಿಂತೆ ಮಾಡುತ್ತಿದ್ದೆ, ಶಶಿರೇಖಳಿಗೆ ಎಂಜಿನ್ನು ಎಳೆಯಲು ಬರುವುದಿಲ್ಲ. ಮೊನ್ನೆ ಕರೆಂಟು ಹೋಯಿತು ಅಂತ ಅವಳ ಫೋನು ಬಂದ ಕೂಡಲೇ ಬಂಗಾರಪೇಟೆಯಿಂದ ಎದ್ದು ಬಿದ್ದು ಬಂದೆ. ಮಿಷನ್ನು ಆಗಲೇ ಓಡುತ್ತಿತ್ತು. ಇಂದ್ರಾಣಿ ಗೋಡೆ ದಾಟಿ ಬಂದು ಸ್ವಿಚ್ಚು ಕೆಳಗೆ ಒತ್ತಿ, ಎಂಜಿನ್ನು ಎಳೆದು, ಬಾವನ ಮೂಗಿಗೆ ಪೈಪು ಸಿಕ್ಕಿಸಿ ಪಕ್ಕದಲ್ಲಿ ಕೂತಿದ್ದಳು. ಕಿತ್ತುಹೋದ ಜುಟ್ಟಿನ ಜಾಗ ಇನ್ನೂ ಬೋಳಾಗಿದೆ. ನಾನು ಬಾಗಿಲಲ್ಲಿ ನಿಂತದ್ದು ಅವಳಿಗೆ ಕಾಣಲಿಲ್ಲ. ಬಾವನ ಗದ್ದ ಹಿಡಿದು ಹೇಳುತ್ತಿದ್ದಳು:

“ಉಸುರಾಡಣ್ಣಾ. ಆ ಪಾವಿ, ನಿನ್ ಹೆಂಡ್ತಿ, ವಾಪಸ್ ಬರೋಗಂಟ ಸಾಯ್ಬಾರ್ದು ನೀನು. ಅವಳ ಬಲಗೈ ನಾನೇ ಮುರೀಬೇಕು, ನೀನು ಕುಂತ್ಕೊಂಡು ನೋಡ್ಬೇಕು.”

ಬಾವ ಉಸಿರಾಡುತ್ತಿದ್ದ.

ನಿನ್ನ ತಮ್ಮ,
ಕದಿರಪ್ಪ